ಕೊನೆಯ ಹನ್ನೊಂದು ಪುಟ

ಜುಲೈ 4, ಬೆಳಿಗ್ಗೆ 9.10

ಪ್ರೆಶರ್ 4.1. ಎರಡನೇ ಪಂಪು ಮತ್ತೆ ಸೋರುತ್ತಿದೆ. ಕೆಳಗೆ ಬಕೆಟ್ ಇಟ್ಟು ಫಿಟ್ಟರ್‌ಗೆ ಹೇಳಿ ಕಳಿಸಿದೆ. ಹತ್ತು ಗಂಟೆಯ ರೀಡಿಂಗ್‌ವರೆಗೆ ಬಿಡುವು.

ಕೋಟೆ ಮುತ್ತಿಗೆಯ ಕಾದಂಬರಿ, 88ನೇ ಪುಟ. ನಡು ಮಳೆಗಾಲದಲ್ಲಿ ಸೈನ್ಯ ಫಿರಂಗಿ ಎಳೆದುಕೊಂಡು ನದಿ ದಾಟಿಬಿಟ್ಟಿದೆ. ಒಂದೇ ದಿನದಲ್ಲಿ. ಬರೆದವರು ತುಂಬಿದ ನದಿ ನೋಡಿದಂತಿಲ್ಲ. ಇಪ್ಪತ್ತಾರು ವರ್ಷದಿಂದ ಊರಿಗೆ ನೀರು ಬಿಡುತ್ತಿದ್ದೇನೆ, ನನಗೆ ಗೊತ್ತಾಗುತ್ತದೆ. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ನನ್ನ ಹೆಂಡತಿ ಇದ್ದಿದ್ದರೆ, "ಕಥೆ ಓದಿ ಅಂದ್ರೆ ನದಿ ಅಳೀತಾ ಕೂತಿದೀರಲ್ಲ" ಅನ್ನುತ್ತಿದ್ದಳು.

ಅವಳು ಹೋಗಿ ನಾಳೆಗೆ ಆರು ವಾರ.

ಜುಲೈ 6, ಸಂಜೆ

ಲೈಬ್ರರಿಯಮ್ಮನ ಫೋನ್. ಹಾಲಿನ ಬೂತಿನ ಪಕ್ಕದ ಬಾಡಿಗೆ ಪುಸ್ತಕದ ಅಂಗಡಿ ಅವರದು. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಅಲ್ಲಿನ ಗಿರಾಕಿಗಳು. ನನ್ನದು ಎಡಗಡೆ ಕಪಾಟು, ರಾಜರು, ಯುದ್ಧಗಳು. ಅವಳದು ಬಲಗಡೆ, ಈಗಿನ ಕಾಲದವು. ಒಟ್ಟಿಗೆ ಹೋಗಿ, ಬಾಗಿಲಲ್ಲಿ ಬೇರೆಯಾಗಿ, ಮತ್ತೆ ಒಟ್ಟಿಗೆ ಬರುತ್ತಿದ್ದೆವು.

"ಅಣ್ಣ, ಅವಸರ ಏನಿಲ್ಲ..." ಅಂದರು. "ಅವರು ತಗೊಂಡಿದ್ದ ಪುಸ್ತಕ ನಿಮ್ಮ ಹತ್ರಾನೇ ಇದೆ. ಬೇರೆಯವರು ಕೇಳ್ತಿದಾರೆ. ಓದಿ ಆಗಿದ್ರೆ..."

"ಇನ್ನೂ ಆಗಿಲ್ಲ" ಅಂದೆ. ಯಾರದು ಆಗಿಲ್ಲ ಅಂತ ಅವರೂ ಕೇಳಲಿಲ್ಲ.

ಪುಸ್ತಕ ಆಸ್ಪತ್ರೆ ಚೀಲದಲ್ಲೇ ಇದೆ. ಟವೆಲ್, ಬಾಚಣಿಗೆ, ಪುಸ್ತಕ. 231ನೇ ಪುಟದಲ್ಲಿ ಒಂದು ಬಸ್ ಟಿಕೆಟ್. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನವಳು, ಬುಕ್‌ಮಾರ್ಕಿಗೆ ಬೇರೇನು ಸಿಗುತ್ತದೆ.

ಬರೆದುಬಿಡುತ್ತೇನೆ. ಯಾರಿಗೂ ಹೇಳಿಲ್ಲ.

ನನಗೊಂದು ಚಟ. ಯಾವ ಪುಸ್ತಕ ಹಿಡಿದರೂ ಮೊದಲು ಕೊನೆ ಓದುತ್ತೇನೆ. ಚರಿತ್ರೆಯಲ್ಲಿ ಯಾರು ಸೋತರು ಅಂತ ಮೊದಲೇ ಗೊತ್ತಿರುತ್ತದಲ್ಲ, ಹೇಗೆ ಸೋತರು ಅನ್ನುವುದಷ್ಟೇ ಓದಬೇಕಾದ್ದು. ಅವಳ ಪುಸ್ತಕಗಳ ಕೊನೆಯನ್ನೂ ಕದ್ದು ಓದಿ ಬಾಯಿ ಬಿಡುತ್ತಿದ್ದೆ. ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ಒಮ್ಮೆ ಎರಡು ದಿನ ಮಾತು ಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಆ ಮಂಗಳವಾರ, ಮಧ್ಯಾಹ್ನ. ಅಕ್ಷರ ಕುಣಿಯುತ್ತಿವೆ ಅಂತ ಪುಸ್ತಕ ನನ್ನ ಕೈಗಿಟ್ಟಳು. "ರೀ, ಕೊನೇದು ಓದಿ ಹೇಳಿ." ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಕೇಳಿದಳು. ನಾನು, "ಅದೆಲ್ಲ ಬೇಡ, ಮನೆಗೆ ಹೋದ ಮೇಲೆ ನೀನೇ ಓದ್ತೀಯಂತೆ" ಅಂದೆ. ಕೊನೆ ಓದಿದರೆ ಅವಳು ಮನೆಗೆ ಬರುವುದಿಲ್ಲ ಅಂತ ಇಬ್ಬರೂ ಒಪ್ಪಿಕೊಂಡ ಹಾಗೆ. ಅಷ್ಟೇ ನನ್ನ ತಲೆಗೆ ಹೊಳೆದದ್ದು.

"ಆಯ್ತು ಬಿಡಿ" ಅಂದಳು. ಗೋಡೆ ಕಡೆ ತಿರುಗಿ ಮಲಗಿದಳು.

ಗುರುವಾರ ಬೆಳಿಗ್ಗೆ ಹೋದಳು.

ಜುಲೈ 9, ಬೆಳಿಗ್ಗೆ 10.20

ಮೊದಲ ಪುಟದಿಂದ ಶುರು ಮಾಡಿದೆ. ಅವಳು ನಿಂತಲ್ಲಿಗೆ ನಡೆದೇ ಹೋಗುತ್ತೇನೆ.

ಕಷ್ಟವಾಗುತ್ತಿದೆ. ಇಸವಿ ಇಲ್ಲ. ನಕ್ಷೆ ಇಲ್ಲ. ಇಬ್ಬರು ಅಕ್ಕತಂಗಿಯರು, ಒಂದೇ ಕಟ್ಟಡ, ಅಕ್ಕಪಕ್ಕದ ಮನೆ, ನಡುವೆ ಒಂದು ಗೋಡೆ. ತಾಯಿಯ ಕೊನೆಗಾಲದಲ್ಲಿ ಯಾರು ನೋಡಿಕೊಂಡರು, ಯಾರು ನೋಡಲಿಲ್ಲ ಅಂತ ಜಗಳ. ಹನ್ನೊಂದು ವರ್ಷದಿಂದ ಮಾತಿಲ್ಲ. ಮೂವತ್ತು ಪುಟ ಆಯಿತು, ತಂಗಿ ಎರಡು ಸಲ ಟೀ ಕುಡಿದಿದ್ದಾಳೆ, ಒಂದು ಸಲ ಪರದೆ ಒಗೆದಿದ್ದಾಳೆ. ಇಷ್ಟು ಪುಟದಲ್ಲಿ ನನ್ನ ಕಪಾಟಿನವರು ಒಂದು ರಾಜಧಾನಿ ಕಳೆದುಕೊಂಡಿರುತ್ತಿದ್ದರು.

ಫಿಟ್ಟರ್ ಪಂಪು ರಿಪೇರಿಗೆ ಬಂದವನು ಪುಸ್ತಕದ ರಟ್ಟು ನೋಡಿದ. "ಏನ್ ಸಾಮ್ರಾಟ್ರೇ, ಅರಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಬಂದ್ಬಿಟ್ರಾ?"

"ಬಾಡಿಗೆಗೆ" ಅಂದೆ.

ನಕ್ಕ. ಆಮೇಲೆ ಯಾರ ಪುಸ್ತಕ ಅಂತ ಹೊಳೆದಿರಬೇಕು. ಸ್ಪ್ಯಾನರ್ ಒರೆಸುತ್ತಾ ಒರೆಸುತ್ತಾ, "ಅತ್ತಿಗೆ ನಂಗೆ ಯಾವಾಗ್ಲೂ ಕಿಟಕಿ ಸೀಟೇ ಕೊಡ್ತಿದ್ರು" ಅಂದ.

ಜುಲೈ 12

ಒಂದು ವಿಷಯ ಗೊತ್ತಾಯಿತು. ತಂಗಿ ದಿನಾ ಬೆಳಿಗ್ಗೆ ಗೋಡೆಗೆ ಕಿವಿಗೊಟ್ಟು ಅಕ್ಕನ ಕೆಮ್ಮು ಕೇಳಿಸಿಕೊಳ್ಳುತ್ತಾಳೆ. ಕೆಮ್ಮಿದರೆ ಸರಿ, ಇದ್ದಾಳೆ ಅಂತ ಕೆಲಸಕ್ಕೆ ಹೊರಡುತ್ತಾಳೆ. ಇಷ್ಟನ್ನು ಯಾವ ಶಾಸನದಲ್ಲೂ ಯಾರೂ ಕೆತ್ತಿಸುವುದಿಲ್ಲ. ಆದರೂ ಆಗಿರುತ್ತದೆ. ಯಾವ ಕೋಟೆಯೊಳಗೂ ಯಾರೋ ಒಬ್ಬರು ಪಕ್ಕದ ಕೋಣೆಯ ಕೆಮ್ಮು ಕೇಳಿಸಿಕೊಳ್ಳುತ್ತಾ ಕೂತಿರುತ್ತಾರೆ.

"ಕೌಂಟರಲ್ಲಿ ಜನರ ಅರ್ಧ ಕಥೆ ಸಿಗುತ್ತೆ. ಎಲ್ಲಿಗೆ ಹೋಗ್ತಾರೆ ಅಂತ ಗೊತ್ತಾಗುತ್ತೆ, ಯಾಕೆ ಅಂತ ಗೊತ್ತಾಗಲ್ಲ. ಅದಕ್ಕೇ ಓದೋದು" ಅನ್ನುತ್ತಿದ್ದಳು. ನಾನು ಹೂಂ ಅನ್ನುತ್ತಿದ್ದೆ. ಕೇಳಿಸಿಕೊಂಡಿರಲಿಲ್ಲ.

ಜುಲೈ 15

231. ಮೂರು ದಿನದಿಂದ ಗೋಡೆಯಾಚೆ ಕೆಮ್ಮಿಲ್ಲ.

ಇಲ್ಲಿ ಟಿಕೆಟ್ ಇದೆ.

ಜುಲೈ 19, ಬೆಳಿಗ್ಗೆ

ನಾಲ್ಕು ದಿನ ಮುಟ್ಟಲಿಲ್ಲ. ಇವತ್ತು ಟಿಕೆಟ್ ತೆಗೆದು ಜೇಬಿಗೆ ಹಾಕಿಕೊಂಡು ಮುಂದಕ್ಕೆ ಓದಿದೆ. 244ನೇ ಪುಟದ ಕೊನೆಗೆ ತಂಗಿ ತನ್ನ ಮನೆಯಿಂದ ಹೊರಗೆ ಬಂದು ಅಕ್ಕನ ಬಾಗಿಲ ಮುಂದೆ ನಿಲ್ಲುತ್ತಾಳೆ. ಪುಟ ತಿರುಗಿಸಿದೆ. ರಟ್ಟು.

ಕಿತ್ತುಹೋಗಿವೆ. ಹೊಲಿಗೆಯ ಹತ್ತಿರ ಆರು ಹಾಳೆಗಳ ಚೂರು. ಮೊದಲ ಹಾಳೆಯ ಪ್ರಕಟಣೆ ವಿವರದಲ್ಲಿ 255 ಪುಟ ಅಂತ ಇದೆ. ಹನ್ನೊಂದು ಪುಟ ಇಲ್ಲ.

ಮೊದಲು ಅನ್ನಿಸಿದ್ದು, ಸದ್ಯ. ಅವತ್ತು ಒಪ್ಪಿದ್ದರೂ ಓದಲಾಗುತ್ತಿರಲಿಲ್ಲ.

ಆಮೇಲೆ ಅನ್ನಿಸಿತು. ಅವತ್ತು ಒಪ್ಪಿ ಪುಸ್ತಕ ತೆರೆದಿದ್ದರೆ ಪುಟಗಳಿಲ್ಲ ಅಂತ ಇಬ್ಬರಿಗೂ ಒಟ್ಟಿಗೆ ಗೊತ್ತಾಗುತ್ತಿತ್ತು. ನಗುತ್ತಿದ್ದಳು. ಲೈಬ್ರರಿಯಮ್ಮನಿಗೆ ಸರಿಯಾಗಿ ಬೈಯುತ್ತಿದ್ದಳು. ಗೋಡೆ ಕಡೆ ತಿರುಗುತ್ತಿರಲಿಲ್ಲ.

ಜುಲೈ 22, ಭಾನುವಾರ

ಲೈಬ್ರರಿಗೆ ಹೋದೆ. ಪುಟ ಹೋಗಿರುವುದು ನೋಡಿ ಲೈಬ್ರರಿಯಮ್ಮ ತಲೆ ಚಚ್ಚಿಕೊಂಡರು. "ಬೇರೆ ಪ್ರತಿ ಇಲ್ಲ ಅಣ್ಣ. ಕೊನೆ ನಾನೇ ಹೇಳ್ತೀನಿ ಬಿಡಿ. ಅಕ್ಕ ಸತ್ತುಹೋಗಿರ್ತಾಳೆ. ಪೊಲೀಸರು ಬಂದು ಬಾಗಿಲು ಒಡೀತಾರೆ."

ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ರಿಟೈರ್ಡ್ ಮೇಷ್ಟ್ರು ಕನ್ನಡಕ ಇಳಿಸಿದರು. "ಯಾರಮ್ಮ ಹೇಳಿದ್ದು? ಮನೆ ಖಾಲಿ ಇರುತ್ತೆ. ಅವಳು ಊರು ಬಿಟ್ಟು ಹೋಗಿರ್ತಾಳೆ. ಮೇಜಿನ ಮೇಲೆ ಪತ್ರ."

"ಪತ್ರ ಬೇರೆ ಪುಸ್ತಕದಲ್ಲಿ ಸಾರ್."

"ನಲವತ್ತು ವರ್ಷ ಪಾಠ ಹೇಳಿದೀನಿ. ನಂಗೆ ಮರೆವಾ?"

"ಹೋದ ವಾರ ಛತ್ರಿ ಬಿಟ್ಟು ಹೋಗಿದ್ದು ಯಾರು?"

ಪುಸ್ತಕ ವಾಪಸು ಮಾಡಲು ಬಂದಿದ್ದ ಒಬ್ಬ ಹೆಂಗಸು ಮೆಲ್ಲಗೆ ಅಂದರು. "ಬಾಗಿಲು ತೆಗೀತಾಳೆ ಅಲ್ವಾ? ನಾನು ಅತ್ತಿದ್ದು ನೆನಪಿದೆ."

"ನೀವು ಎಲ್ಲದಕ್ಕೂ ಅಳ್ತೀರ" ಅಂದರು ಲೈಬ್ರರಿಯಮ್ಮ.

ಒಂದು ಯುದ್ಧ, ಮೂರು ಶಾಸನ. ಇದು ನನಗೆ ಹೊಸದಲ್ಲ. ಗೆದ್ದವನು ಒಂದು ಬರೆಸುತ್ತಾನೆ, ಸೋತವನು ಒಂದು, ಆ ದಾರಿಯಲ್ಲಿ ಹೋದವನು ಇನ್ನೊಂದು. ಯಾರು ಯಾವಾಗ ಓದಿದ್ದು ಅಂತ ಕೇಳಿ ಚೀಟಿಯಲ್ಲಿ ಗುರುತು ಹಾಕಿಕೊಂಡೆ. ಲೈಬ್ರರಿಯಮ್ಮ ಆರು ವರ್ಷದ ಹಿಂದೆ. ಮೇಷ್ಟ್ರು ಖಚಿತವಿಲ್ಲ. ಅತ್ತವರು ಹೋದ ವರ್ಷ.

ಜುಲೈ 24

ನಿಜ ಹೇಳಬೇಕು, ಇಲ್ಲಾದರೂ.

ಅಕ್ಕ ಸತ್ತಿದ್ದರೆ ನಾನು ಮಾಡಿದ್ದು ಸರಿ. ಆ ಹಾಸಿಗೆಯ ಪಕ್ಕ ಕೂತು ಅಂಥದ್ದನ್ನು ಓದಿ ಹೇಳುವ ಹಾಗಿರಲಿಲ್ಲ. ಬಾಗಿಲು ತೆಗೆದಿದ್ದರೆ... ಎರಡು ದಿನ ಇತ್ತು. ಒಂದು ಒಳ್ಳೆಯ ಸುದ್ದಿ ಕೈಯಲ್ಲೇ ಇದ್ದು ಕೊಡಲಿಲ್ಲ.

ಒಬ್ಬಳು ಸತ್ತಿರಲಿ ಅಂತ ಕಾಯುತ್ತಾ ಕೂತಿದ್ದೇನೆ. ಕಾಗದದವಳೇ ಇರಬಹುದು. ನಾಚಿಕೆಯಾಗುತ್ತದೆ.

ಜುಲೈ 30, ಸಂಜೆ 5

ಬಸ್ ನಿಲ್ದಾಣ. ಅವಳು ಹೋದ ಮೇಲೆ ಮೊದಲ ಸಲ. ಅವಳ ಕೌಂಟರಿನಲ್ಲಿ ಹೊಸ ಹುಡುಗಿ. ಆ ಕಡೆ ನೋಡದೆ ಎರಡನೇ ಕೌಂಟರಿನವರ ಸಾಲಿನಲ್ಲಿ ನಿಂತೆ. ಹದಿನೆಂಟು ವರ್ಷ ಅವರೂ ನನ್ನವಳೂ ಒಟ್ಟಿಗೆ ಡಬ್ಬಿ ಬಿಚ್ಚಿ ಉಂಡವರು. ಅವರೂ ಓದುವವರು, ಈ ಪುಸ್ತಕ ಅವರ ಹತ್ತಿರ ಇದ್ದರೂ ಇರಬಹುದು ಅಂತ.

"ಎಲ್ಲಿಗೆ?" ಅಂದರು, ತಲೆ ಎತ್ತದೆ. ಎತ್ತಿದ ಮೇಲೆ ಕೈಯಲ್ಲಿದ್ದ ಚಿಲ್ಲರೆ ಕೆಳಗಿಟ್ಟರು. ಹಿಂದಿದ್ದವರು ಗೊಣಗಿದರು. "ಸ್ವಲ್ಪ ತಡ್ಕೊಳ್ಳಪ್ಪ, ಬಸ್ಸು ನಿನ್ನ ಬಿಟ್ಟು ಹೋಗಲ್ಲ" ಅಂತ ಅವರನ್ನು ಗದರಿದರು.

ಪುಸ್ತಕದ ವಿಷಯ ಹೇಳಿದೆ.

"ನನ್ನ ಹತ್ರ ಇದೆ. ಸ್ವಂತದ್ದು. ಅವಳಿಗೆ ಕೊಡ್ತೀನಿ ಅಂದ್ರೆ, ಬೇಡ, ಲೈಬ್ರರಿದು ಸಿಗ್ಲಿ, ನಮ್ಮನೆಯವರ ಜೊತೆ ಹೋಗೋಕೆ ಒಂದು ನೆಪ ಅಂದಳು." ಹಿಂದಿದ್ದವರಿಗೆ ಒಂದು ಟಿಕೆಟ್ ಹರಿದು ಕೊಟ್ಟರು. "ಊಟಕ್ಕೆ ಕೂತಾಗ ಕಥೆಯೆಲ್ಲ ಹೇಳೋಳು. ಕೊನೆ ಮಾತ್ರ ಬಾಯಿ ಬಿಡ್ತಿರ್ಲಿಲ್ಲ. ಮನೇಲಿ ಒಬ್ರು ಕೊನೆ ಹೇಳೋರಿದಾರೆ, ನಾನೂ ಶುರು ಮಾಡಿದ್ರೆ ಲೋಕದಲ್ಲಿ ಕಥೆಗಳೇ ಉಳಿಯಲ್ಲ ಅನ್ನೋಳು."

ನಗು ಬಂತು. ಕೌಂಟರಿನ ಕಟ್ಟೆ ಹಿಡಿದುಕೊಂಡೆ.

"ಈ ಪುಸ್ತಕದ ಕೊನೆ ಗೊತ್ತಾ?" ಕೇಳಿದೆ.

"ಗೊತ್ತು."

"ಹೇಳಬೇಡಿ."

"ಹೇಳಲ್ಲ. ನಾಳೆ ತಂದ್ಕೊಡ್ತೀನಿ. ವಾಪಸು ಬರ್ಬೇಕು, ಮಡಿಚದೆ."

ಆಗಸ್ಟ್ 2, ಬೆಳಿಗ್ಗೆ 9.30

ಎರಡನೇ ಕೌಂಟರಿನವರ ಪುಸ್ತಕ ಕೈಗೆ ಬಂತು. ಅದನ್ನು ನೋಡಿ ಆ ಹನ್ನೊಂದು ಪುಟ ಬರೆದು ಲೈಬ್ರರಿಯ ಪುಸ್ತಕಕ್ಕೆ ಅಂಟಿಸಿಕೊಡುತ್ತೇನೆ ಅಂದೆ. ಜೆರಾಕ್ಸ್ ಐದು ನಿಮಿಷದ ಕೆಲಸ ಅಲ್ವಾ ಅಣ್ಣ ಅಂದರು ಲೈಬ್ರರಿಯಮ್ಮ. ಹೌದು. ಆದರೆ ನನ್ನ ಕಣ್ಣನ್ನು ನಂಬುವ ಹಾಗಿಲ್ಲ, ಕೊನೆಗೆ ಹಾರಿಬಿಡುತ್ತದೆ. ಬರೆಯುವ ಕೈ ಹಾರುವುದಿಲ್ಲ. ಓದುವ ಸಾಲಿನ ಕೆಳಗೆ ಸ್ಟೀಲ್ ಸ್ಕೇಲು ಇಟ್ಟುಕೊಂಡು ಒಂದೊಂದೇ ಸಾಲು ಜರುಗಿಸುತ್ತೇನೆ. ಬರೆಯುವ ಮೊದಲು ಜೋರಾಗಿ ಓದುತ್ತೇನೆ. ಎರಡು ಪಂಪುಗಳ ಸದ್ದಿನಲ್ಲಿ ಯಾರಿಗೆ ಕೇಳಿಸಬೇಕು.

ಇವತ್ತು ಎರಡು ಪುಟ. ತಂಗಿ ಇನ್ನೂ ಬಾಗಿಲ ಮುಂದೆಯೇ. ಕೈ ಎತ್ತಿ ಇಳಿಸಿದಳು. ಹನ್ನೊಂದು ವರ್ಷದ ಮೇಲೆ ಏನಂತ ಕರೆಯುವುದು ಅಂತ ಯೋಚಿಸುತ್ತಿದ್ದಾಳೆ.

ಆಗಸ್ಟ್ 4, ಮಧ್ಯಾಹ್ನ 2

ಎಂಜಿನಿಯರ್ ಮೇಡಂ ತಪಾಸಣೆಗೆ ಬಂದರು. ರಿಜಿಸ್ಟರ್ ತಿರುವುತ್ತಾ ನಿಂತರು. ತಿರುಗಿಸಿ ನನ್ನ ಮುಂದಿಟ್ಟರು.

"ಇದೇನು? ಹನ್ನೊಂದು ಗಂಟೆ ಕಾಲಂನಲ್ಲಿ 'ಅಕ್ಕಾ, ನಾನು' ಅಂತಿದೆ."

ನೋಡಿದೆ. ನನ್ನದೇ ಅಕ್ಷರ, ದುಂಡಗೆ. ನಕಲು ಮಾಡುತ್ತಿದ್ದಾಗ ಗಂಟೆಯಾಗಿತ್ತು, ಎದ್ದು ಗೇಜ್ ನೋಡಿ ಬಂದೆ, ತಲೆಯಲ್ಲಿದ್ದದ್ದು ಇಲ್ಲಿ ಇಳಿದಿದೆ. ಇಪ್ಪತ್ತಾರು ವರ್ಷದಲ್ಲಿ ಒಂದು ರೀಡಿಂಗ್ ತಪ್ಪಿಸಿದವನಲ್ಲ. ನಕಲಿನ ಹಾಳೆ ತೆಗೆದು ನೋಡಿದೆ. ಅಲ್ಲಿ ತಂಗಿ ಬಾಗಿಲಿಗೆ ಬಾಯಿಟ್ಟು ಕರೆಯುವ ಜಾಗದಲ್ಲಿ 4.2.

ವಿಷಯ ಹೇಳಿದೆ. ಪೂರ್ತಿ ಹೇಳಿದೆನೇನೋ, ಆಸ್ಪತ್ರೆಯದೂ ಸೇರಿಸಿ. ಮೇಡಂ ನನಗೆ ಮಗಳಾಗುವ ವಯಸ್ಸಿನವರು. ಹಾಳೆ ಓದಿದರು.

"ರಿಜಿಸ್ಟರಲ್ಲಿ ಅಳಿಸೋ ಹಾಗಿಲ್ಲ ಅಂಕಲ್, ನಿಮಗೇ ಗೊತ್ತು. ಗೆರೆ ಎಳೆದು ಸರಿಯಾದ್ದು ಬರೀರಿ. ನಾನು ಸಹಿ ಹಾಕ್ತೀನಿ." ಹಾಕಿದರು. ಜೀಪಿನವರೆಗೆ ಹೋಗಿ ತಿರುಗಿ ಬಂದರು. "ಬಾಗಿಲು ತೆಗೀತಾಳಾ?"

"ಇನ್ನೂ ಐದು ಪುಟ ಇದೆ ಮೇಡಂ."

"ಇಷ್ಟು ನಿಧಾನವಾಗಿ ಬರೆದ್ರೆ ಅಕ್ಕ ಹೇಗಪ್ಪಾ ಬದುಕೋದು" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾ ಹೋದರು.

ಆಗಸ್ಟ್ 7

ಒಂದು ಪುಟ ಉಳಿಯಿತು. ಇವತ್ತೇ ಮುಗಿಸಬಹುದಿತ್ತು. ಮುಗಿಸಲಿಲ್ಲ. ಮುಗಿದ ಮೇಲೆ ಅವಳಿಗಾಗಿ ಮಾಡಲು ಏನಿದೆ?

ಯಾವ ಕೊನೆ ಸಿಗಲಿ ಅಂತ ಈಗ ಗೊತ್ತಾಗುತ್ತಿಲ್ಲ. ಎರಡು ವಾರದ ಹಿಂದೆ ಗೊತ್ತಿತ್ತು. ಈ ತಂಗಿಯ ಜೊತೆ ಐದು ದಿನ ಬಾಗಿಲಲ್ಲಿ ನಿಂತ ಮೇಲೆ ಹಾಗೆ ಅನ್ನಲು ಮನಸ್ಸು ಬರುತ್ತಿಲ್ಲ.

ಆಗಸ್ಟ್ 8, ಬೆಳಿಗ್ಗೆ 11.05

ಪ್ರೆಶರ್ 4.2. ಸರಿಯಾದ ರಿಜಿಸ್ಟರಿನಲ್ಲೇ ಬರೆದೆ, ಎರಡು ಸಲ ನೋಡಿ.

ಕೊನೆಯ ಪುಟ. ಸ್ಕೇಲು ಜರುಗಿಸಿದೆ. ಮೂರು ಸಲ ಬಡಿದಳು. ಒಳಗೆ ಸದ್ದಿಲ್ಲ. ಹೋಗಲು ತಿರುಗಿದಳು. ಆಮೇಲೆ ಚಿಲಕದ ಸದ್ದು.

ತೆಗೆದಳು. ಅಕ್ಕ ಬಾಗಿಲು ತೆಗೆದಳು. ಜ್ವರ ಬಂದು ಮಲಗಿದ್ದಳು, ಗಂಟಲು ಕಟ್ಟಿತ್ತು, ಅದಕ್ಕೇ ಕೆಮ್ಮಿರಲಿಲ್ಲ. ಅಷ್ಟೇ.

ಅತ್ತಿದ್ದ ಹೆಂಗಸು ಹೇಳಿದ್ದೇ ಸರಿ. ನಾನು ತಪ್ಪು. ಈ ಸುದ್ದಿ ನನ್ನ ಕೈಯಲ್ಲಿತ್ತು, ಬೇಡ ಅಂದೆ. ಪುಟ ಕಿತ್ತುಹೋಗಿತ್ತು ಅನ್ನುವುದು ಲೆಕ್ಕಕ್ಕಿಲ್ಲ, ನಾನು ತೆರೆದೇ ನೋಡಿರಲಿಲ್ಲ. ಇಷ್ಟಾದರೂ ಒಳಗೆ ಹಗುರವಾಗಿದೆ. ಅವಳು ಸಾಯಲಿಲ್ಲವಲ್ಲ ಅಂತ.

ಕೆಳಗೆ ಇನ್ನು ನಾಲ್ಕೇ ಸಾಲು. ನಕಲು ಆಮೇಲೆ ಮಾಡುತ್ತೇನೆ. ಮೊದಲು ನಿನಗೆ.

ಗೋಡೆ ಕಡೆ ತಿರುಗಬೇಡ, ಈ ಕಡೆ ಬಾ. ತಡವಾಯಿತು, ಗೊತ್ತು. ಬೈಯುವುದು ಆಮೇಲೆ ಬೈ. ಕೇಳು. ಇಬ್ಬರೂ ಹೊಸಿಲ ಆಚೆ ಈಚೆ ನಿಂತಿದ್ದಾರೆ. ಅಕ್ಕನೇ ಮೊದಲು ಮಾತಾಡಿದಳು ಕಣೇ, ಆ ಕಟ್ಟಿದ ಗಂಟಲಲ್ಲೇ. ಏನಂದಳು ಗೊತ್ತಾ—