ಗುಮಾಸ್ತನ ಸುತ್ತು

ಮಾರ್ಚ್ ೩, ಸಂಜೆ

ಮತ್ತೆ ಅದೇ. ಅಕ್ಕ ಹೊಲಿದು ಮಡಚಿಟ್ಟಿದ್ದ ಬಿಳಿ ಕರ್ಟನ್ ಮೇಲೆ ಗುಮಾಸ್ತ ಉಚ್ಚೆ ಚಿಮ್ಮಿಸಿದ್ದಾನೆ. ಒಂದು ಮೊಲ ಅಷ್ಟು ಎತ್ತರಕ್ಕೆ ಚಿಮ್ಮಿಸಬಹುದೆಂದು ಯಾರಿಗೆ ಹೇಳಿದರೂ ನಂಬುವುದಿಲ್ಲ. ಲಾಂಡ್ರಿಯಲ್ಲಿ ದಿನವಿಡೀ ಊರವರ ಬಟ್ಟೆ ಉಜ್ಜಿ, ಇಸ್ತ್ರಿ ಮಾಡಿ ಬಂದಿದ್ದೆ. ಮನೆಯಲ್ಲೂ ಅದೇ ಕೆಲಸ. ಸೋಪು, ನಿಂಬೆರಸ, ಬಿಸಿನೀರು... ಕಲೆ ಹೋಯಿತು. ವಾಸನೆ ಹೋಗಲಿಲ್ಲ.

ಅಕ್ಕ ಕೂಗಾಡಲಿಲ್ಲ. ಅದಕ್ಕೇ ಭಯವಾಯಿತು. ಕತ್ತರಿ ಕೆಳಗಿಟ್ಟು ಮೆಲ್ಲಗೆ ಹೇಳಿದಳು, "ನೋಡು ತಮ್ಮಾ, ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ ಅವನ ಗಂಡಸ್ತನಕ್ಕೊಂದು ಗತಿ ಕಾಣಿಸು. ಇಲ್ಲಾಂದ್ರೆ ತರಕಾರಿಯವಳಿಗೆ ಕೊಟ್ಬಿಡು. ಎರಡರಲ್ಲಿ ಒಂದು."

ಗುಮಾಸ್ತ ಕಣ್ಣಿನ ಸುತ್ತಲ ಕಪ್ಪು ಮಚ್ಚೆಯ ಕನ್ನಡಕದಿಂದ ನನ್ನನ್ನೇ ನೋಡುತ್ತಿದ್ದ. ಲೆಕ್ಕ ತಪ್ಪಿಸಿದ್ದು ನಾನು ಎಂಬಂತೆ. ಆಮೇಲೆ ಎಂದಿನಂತೆ ಗುಂಯ್ ಎನ್ನುತ್ತಾ ನನ್ನ ಕಾಲ ಸುತ್ತ ಸುತ್ತತೊಡಗಿದ. ದಿನಾ ಚಪ್ಪಲಿ ಬಿಟ್ಟ ಕೂಡಲೇ ಹೊಲಿಗೆ ಮೆಷಿನ್ ಕೆಳಗಿನಿಂದ ಓಡಿ ಬರುತ್ತಾನೆ. ನಾನು ಬಂದೆನೆಂದು ಇಷ್ಟು ಸಡಗರ ಬೇರೆ ಯಾರಿಗಿದೆ. ಅಕ್ಕನಿಗೂ ಖುಷಿಯೇ. ಆದರೆ ಅವಳು ಸುತ್ತುವುದಿಲ್ಲ.

ಮಾರ್ಚ್ ೪

ಭಾವನಿಗೆ ವಿಷಯ ಗೊತ್ತಾಯಿತು. ಬಸ್ ಡ್ಯೂಟಿ ಮುಗಿಸಿ ಊಟಕ್ಕೆ ಕುಳಿತವರು ತಟ್ಟನೆ ಕಾಲ ಮೇಲೆ ಕಾಲು ಹಾಕಿಕೊಂಡರು.

"ಇವತ್ತು ಮೊಲ. ನಾಳೆ ಗೊರಕೆ ಹೊಡೀತಾರೆ ಅಂತ ನನ್ನನ್ನೂ ಕರ್ಕೊಂಡು ಹೋಗ್ತಾಳೆ ನಿಮ್ಮಕ್ಕ."

"ನಿಮ್ಮನ್ನ ಹೊರೋ ಬುಟ್ಟಿ ಎಲ್ಲಿಂದ ತರ್ಲಿ," ಎಂದಳು ಅಕ್ಕ.

ನಗು ಮುಗಿದ ಮೇಲೆ ಭಾವ ಅನ್ನ ಕಲಸುವುದನ್ನು ನಿಲ್ಲಿಸಿದರು. ಅವನಿಗೆ ಬಾಯಿ ಇಲ್ಲ ಅಂತ ನಾವೇ ತೀರ್ಮಾನ ಮಾಡುವುದು ಸರಿಯಾ ಎಂದು ಕೇಳಿದರು. ನನ್ನನ್ನು ನೋಡಿಯೇ ಕೇಳಿದರು. ನಾನು ತಟ್ಟೆ ನೋಡಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದಾಗ ನನ್ನನ್ನೂ ಯಾರೂ ಕೇಳಿರಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ.

ಮಾರ್ಚ್ ೬

ಕ್ಯಾರೆಟ್ ಸೊಪ್ಪು ತರಲು ಹೋಗಿದ್ದೆ. ತರಕಾರಿಯವಳು ಅಂಗಡಿಯ ಹಿಂದೆ ಒಂದು ಹೆಣ್ಣು ಮೊಲ ಸಾಕಿದ್ದಾಳೆ. ಅಕ್ಕ ಆಗಲೇ ಮಾತಾಡಿದ್ದಾಳೆ, ಗೊತ್ತಾಯಿತು.

"ಸುಮ್ನೆ ನಂಗೆ ಕೊಡಪ್ಪ. ನನ್ ಹೆಣ್ಣಿಗೂ ಜೊತೆ ಆಗುತ್ತೆ. ಅವನ ಆಸೆಗೆ ಯಾಕೆ ಕತ್ತರಿ ಹಾಕ್ತೀಯ?"

ಗೂಡು ನೋಡಿದೆ. ಚೊಕ್ಕವಾಗಿದೆ. ಆದರೆ ತಿರುಗಿದರೆ ಕಿವಿ ತಂತಿಗೆ ತಾಗುತ್ತದೆ. ಸುತ್ತು ಹೊಡೆಯಲು ಜಾಗವೇ ಇಲ್ಲ. ಮರಿಗಳಾದರೆ ಏನು ಮಾಡುತ್ತೀರಿ ಎಂದು ಕೇಳಬೇಕೆಂದಿದ್ದೆ. ಕೇಳದೆ ಸೊಪ್ಪಿನ ದುಡ್ಡು ಕೊಟ್ಟು ಬಂದೆ. ಅಲ್ಲಿ ಅವನಿಗೆ ಹೆಣ್ಣಿದೆ. ಇಲ್ಲಿ ಓಡಾಡಲು ಎರಡು ಕೋಣೆ, ಮತ್ತೆ ನಾನು. ಯಾವುದು ದೊಡ್ಡದು... ಗೊತ್ತಾಗುತ್ತಿಲ್ಲ.

ಮಾರ್ಚ್ ೮

ಪ್ರಾಣಿಗಳ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಏನಾಗಬೇಕು ಎಂದರು. ಹೇಳಲಾರದೆ ಬುಟ್ಟಿ ಮುಂದೆ ತಳ್ಳಿದೆ. ಅವರೇ ಎತ್ತಿ ನೋಡಿ ಅರ್ಥ ಮಾಡಿಕೊಂಡರು. ಚಿಮ್ಮಿಸುತ್ತಾನಾ? ಹೌದು. ಗುಂಯ್ ಅಂತಾನಾ? ಹೌದು. ಕಾಲು ಸುತ್ತುತ್ತಾನಾ? ಇದಕ್ಕೆ ಮಾತ್ರ ಸ್ವಲ್ಪ ಹೆಮ್ಮೆಯಿಂದಲೇ, ನಾನು ಕೆಲಸದಿಂದ ಬಂದ ಕೂಡಲೇ ಎಂದೆ.

ಡಾಕ್ಟರಮ್ಮ ನಕ್ಕರು. "ಪ್ರೀತಿ ಅಂದ್ಕೊಂಡ್ಯಾ? ನಿನ್ನನ್ನ ಹೆಣ್ಣು ಮೊಲ ಅಂದ್ಕೊಂಡಿದಾನೆ ಕಣಪ್ಪ. ಆಪರೇಷನ್ ಆದ್ಮೇಲೆ ಅದೂ ನಿಂತ್ಹೋಗುತ್ತೆ."

ಕಿವಿ ಬಿಸಿಯಾಯಿತು.

ಮತ್ತಿನ ಇಂಜೆಕ್ಷನ್ ಕೊಡುವುದರಲ್ಲಿ ಸ್ವಲ್ಪ ಅಪಾಯ ಇದ್ದೇ ಇದೆ ಎಂದರು. ಮಾಡಿಸಿದರೆ ಅವನಿಗೂ ನೆಮ್ಮದಿ ಎಂದೂ ಹೇಳಿದರು. ಬುಧವಾರ ತರಬೇಕಂತೆ. ತಲೆ ಆಡಿಸಿ ಬಂದೆ. ನನ್ನದು ಯಾವಾಗಲೂ ಹೀಗೆ. ತಲೆ ಮೊದಲು ಆಡುತ್ತದೆ, ಆಮೇಲೆ ಯೋಚನೆ.

ಸುತ್ತುವ ವಿಷಯ ಅಕ್ಕನಿಗೆ ಹೇಳಲಿಲ್ಲ. ಭಾವನಿಗಂತೂ ಜನ್ಮದಲ್ಲಿ ಹೇಳುವುದಿಲ್ಲ.

ಮಾರ್ಚ್ ೧೧

ಇವತ್ತು ಸುತ್ತುವಾಗ ಅವನ ಮುಖ ನೋಡಿದೆ. ಮೊದಲು ಯಾವತ್ತೂ ನೋಡಿರಲಿಲ್ಲ, ಕಾಲಿಗೆ ತಾಗುವ ಮೆತ್ತನೆಯ ಮೈಯೇ ಸಾಕಾಗಿತ್ತು. ಕಣ್ಣು ಅಗಲ. ಎದೆ ಡಬಡಬ. ನಿಲ್ಲಿಸಬೇಕೆಂದರೂ ನಿಲ್ಲಿಸಲಾಗದವನ ಹಾಗೆ. ಖುಷಿಯೋ, ತಳಮಳವೋ. ನನಗೆ ಹಿತ. ಅವನಿಗೆ?

ಬೇಡ, ಹೀಗೇ ಇರಲಿ ಎನಿಸುತ್ತದೆ. ಹಾಗೆನ್ನುವುದು ಅವನಿಗಾಗಿಯೋ ನನಗಾಗಿಯೋ ಎಂದು ಕೇಳಿಕೊಂಡರೆ ಮತ್ತೆ ಗೊಂದಲ.

ನಾಳೆ ಬುಧವಾರ. ಅಕ್ಕ ಅವನ ಹುಲ್ಲು ತೆಗೆದಿಟ್ಟಳು. ಆಪರೇಷನ್ ಅಂದರೆ ಖಾಲಿ ಹೊಟ್ಟೆ, ತನಗೂ ಹಾಗೇ ಮಾಡಿದ್ದರು ಎಂದಳು. ನನಗೂ ಸರಿ ಎನಿಸಿತು.

ಮಾರ್ಚ್ ೧೨

ಡಾಕ್ಟರಮ್ಮ ವಾಪಸ್ ಕಳಿಸಿದರು.

"ಯಾರಪ್ಪ ಉಪವಾಸ ಹಾಕು ಅಂದಿದ್ದು? ಮೊಲದ ಹೊಟ್ಟೆ ನಿಲ್ಲಬಾರದು, ನಿಂತರೆ ಜೀವಕ್ಕೇ ಕುತ್ತು. ಮನುಷ್ಯರ ಲೆಕ್ಕ ಅದಕ್ಕೆ ಹಾಕ್ಬೇಡ."

ಅಲ್ಲೇ ಹುಲ್ಲು ಕೊಟ್ಟರು. ಗುಮಾಸ್ತ ತಲೆಯೆತ್ತದೆ ತಿಂದ. ನನ್ನಿಂದಲೇ ರಾತ್ರಿಯಿಡೀ ಹಸಿದಿದ್ದ. ಆದರೂ ಬರುವಾಗ ದಾರಿಯಲ್ಲಿ ಹಗುರವಾಗಿತ್ತು, ಸುಳ್ಳೇಕೆ. ಇನ್ನೆರಡು ದಿನ ಸಿಕ್ಕಿತಲ್ಲ.

ಮನುಷ್ಯರ ಲೆಕ್ಕ ಅದಕ್ಕೆ ಹಾಕಬೇಡ. ಹುಲ್ಲಿಗಷ್ಟೇ ಹೇಳಿದರೋ... ಇಡೀ ದಿನ ಅದೇ ತಲೆಯಲ್ಲಿ. ಸುತ್ತುವುದಕ್ಕೆ ಸಡಗರ ಎಂದು ಹೆಸರಿಟ್ಟವನೂ ನಾನೇ.

ಮಾರ್ಚ್ ೧೪

ಹೊಟ್ಟೆ ತುಂಬ ತಿನ್ನಿಸಿ ಕರೆದುಕೊಂಡು ಹೋದೆ. ಡಾಕ್ಟರಮ್ಮ "ಮಾಡ್ಲಾ?" ಎಂದರು. ಹಿಂದೆ ತಿರುಗಿ ನೋಡಿದೆ. ಅಕ್ಕ ಇರಲಿಲ್ಲ, ಭಾವ ಇರಲಿಲ್ಲ. ಈ ಸಲ ತಲೆ ಆಡಿಸಲಿಲ್ಲ. "ಮಾಡಿ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಲಾಂಡ್ರಿಯಲ್ಲಿ ಒಂದೇ ಪ್ಯಾಂಟಿಗೆ ಎರಡು ಗೆರೆ ಹಾಕಿದೆ. ಮಾಲೀಕರು ಅದನ್ನು ತೆಗೆದುಕೊಂಡು ತಾವೇ ಇಸ್ತ್ರಿ ಮಾಡಿದರು.

ಸಂಜೆ ಮನೆಗೆ ಕರೆತಂದೆ. ಬದುಕಿದ್ದಾನೆ. ಬುಟ್ಟಿಯಲ್ಲಿ ಮುಖ ಗೋಡೆಗೆ ತಿರುಗಿಸಿ ಕುಳಿತಿದ್ದಾನೆ. ಭಾವ ಬಂದು ಬಗ್ಗಿ ನೋಡಿ, ಟೋಪಿ ತೆಗೆದು ಹಿಡಿದುಕೊಂಡರು.

ಏಪ್ರಿಲ್ ೨೦, ಮಧ್ಯಾಹ್ನ

ಬರೆಯದೆ ತಿಂಗಳ ಮೇಲಾಯಿತು. ಬರೆಯುವಂಥದ್ದು ಇರಲಿಲ್ಲ... ಇತ್ತು, ಬರೆಯಲು ಇಷ್ಟವಿರಲಿಲ್ಲ. ಮನೆಯಲ್ಲಿ ಈಗ ವಾಸನೆಯಿಲ್ಲ. ಕರ್ಟನ್‌ಗಳು ಬೆಳ್ಳಗಿವೆ. ಸೊಪ್ಪು ಅಕ್ಕನೇ ತರುತ್ತಾಳೆ, ಯಜಮಾನರೇ ತಗೊಳ್ಳಿ ಎಂದು ಮುಂದಿಡುತ್ತಾಳೆ. ಸುತ್ತುವುದು ನಿಂತಿದೆ. ಮೊದಲು ನಿಧಾನವಾಯಿತು, ಆಮೇಲೆ ಅರ್ಧ ಸುತ್ತು, ಈಗ ಮೆಷಿನ್ ಕೆಳಗಿನಿಂದಲೇ ನೋಡುತ್ತಾನೆ. ನಾನು ಚಪ್ಪಲಿ ಬಿಟ್ಟು ಇನ್ನೂ ಒಂದು ಕ್ಷಣ ನಿಲ್ಲುತ್ತೇನೆ.

ಇವತ್ತು ರಜೆ. ನೆಲದ ಮೇಲೆ ಕುಳಿತು ಮೇಲಿನಷ್ಟು ಬರೆದಿದ್ದೆ. ಗುಮಾಸ್ತ ಹೊರಗೆ ಬಂದ. ಅವಸರವಿಲ್ಲ. ನನ್ನ ಕಾಲ ಹತ್ತಿರ ಬಂದು ದೊಪ್ಪನೆ ಮಗ್ಗುಲಿಗೆ ಬಿದ್ದ. ಸತ್ತೇಹೋದನೆಂದು ಪೆನ್ನು ಬಿಸಾಕಿದೆ. ಇಲ್ಲ, ಹೊಟ್ಟೆ ಏರಿ ಇಳಿಯುತ್ತಿತ್ತು. ಕನ್ನಡಕದೊಳಗಿನ ಕಣ್ಣು ಅರ್ಧ ಮುಚ್ಚಿದೆ. ಗದ್ದ ನನ್ನ ಪಾದದ ಮೇಲಿದೆ. ಎದೆ ಡಬಡಬ ಇಲ್ಲ.

ಇದಕ್ಕೇನನ್ನುತ್ತಾರೆಂದು ಡಾಕ್ಟರಮ್ಮ ಹೇಳಿರಲಿಲ್ಲ. ನಾನು ಹೋಗಿ ಕೇಳುವುದೂ ಇಲ್ಲ.

ಕಾಲು ಜೋಮು ಹಿಡಿದಿದೆ. ಅಕ್ಕ ಕರ್ಟನ್‌ನ ಆ ತುದಿ ಹಿಡ್ಕೋ ಬಾ ಎಂದು ಕೂಗುತ್ತಿದ್ದಾಳೆ. ಏಳಬೇಕು. ಎದ್ದರೆ ಇವನೂ ಏಳುತ್ತಾನೆ. ಇನ್ನೊಂದು ನಿಮಿಷ—