ಉಪ್ಪಿಲ್ಲದ ಬೇಳೆ

ಶಾಲೆಯ ಅಡುಗೆಮನೆ,
ಬುಧವಾರ, ೧೨ನೇ ತಾರೀಖು

ಪ್ರೀತಿಯ ಯಜಮಾನರಿಗೆ ನಿಮ್ಮ ಮನೆಯವಳ ನಮಸ್ಕಾರಗಳು.

ಜ್ವರ ಇಳಿಯಿತೇ? ಕೆಮ್ಮು ಹೇಗಿದೆ? ಬೋರಲಾಗಿ ಮಲಗಿ ಎಂದಿದ್ದಾರಂತೆ, ಮಲಗುತ್ತಿದ್ದೀರಾ, ಇಲ್ಲ ಅಲ್ಲೂ ಹಟವೇ? ನಾವೆಲ್ಲ ಕ್ಷೇಮ. ಕಾಗದ ಒಳಗೆ ಹೋಗಬಹುದು, ಒಳಗಿನ ಒಂದು ಚೂರೂ ಹೊರಗೆ ಬರುವ ಹಾಗಿಲ್ಲ ಎನ್ನುವುದು ಎಂಥ ನ್ಯಾಯವೋ! ಇನ್ನು ಫೋನು, ಶಾಲೆಯ ಆ ಕೋಣೆಗಳಲ್ಲಿ ಯಾವ ಕಾಲಕ್ಕೆ ಸಿಗ್ನಲ್ ಸಿಕ್ಕಿತ್ತು? ಮೇಷ್ಟ್ರೇ ಫೋನು ಹಿಡಿದು ಗೇಟಿನಾಚೆ ನಿಂತು ಕೂಗಾಡುತ್ತಿದ್ದರಲ್ಲ.

ಸರ್ಕಾರದವರು ಮಾತಿಗೆ ತಪ್ಪಲಿಲ್ಲ ನೋಡಿ. ಶಾಲೆಯನ್ನು ಆಸ್ಪತ್ರೆ ಮಾಡಿದ ಮೇಲೆ ಅಕ್ಕಿ, ಬೇಳೆ, ಎಣ್ಣೆ ಎಲ್ಲ ಲಾರಿಯಲ್ಲೇ ಬರುತ್ತಿದೆ. ಹೊರಗೆ ಬರಬಾರದು ಎಂದ ಮನೆಗಳ ಬಾಗಿಲಿಗೂ ಚೀಲ ತಲುಪುತ್ತಿದೆ. ಶಾಲೆಯ ಮಕ್ಕಳಿಗೆ ಬೇಯಿಸುತ್ತಿದ್ದ ನಿಮ್ಮ ಕೆಲಸವನ್ನು ನನಗೆ ಕೊಟ್ಟಿದ್ದಾರೆ. ನೀವು ಬರುವವರೆಗೆ ಮಾತ್ರ ಎಂದು ನಾನೇ ಗಟ್ಟಿಯಾಗಿ ಹೇಳಿಬಿಟ್ಟೆ. ನಿಮ್ಮ ಸೌಟು ಎತ್ತಿದರೆ ನನ್ನ ಭುಜ ಕಳಚುತ್ತದೆ. ಮಗಳು ಕ್ಯಾರೆಟ್ ಹೆಚ್ಚಲು ಕೂರುತ್ತಾಳೆ, ಪಾತ್ರೆಗಿಂತ ಮೊದಲು ಅವಳ ಹೊಟ್ಟೆ ತುಂಬುತ್ತದೆ. ಗಂಡನ ಸೌಟು ಹಿಡಿದವಳು ಎಂದು ಅತ್ತೆ ನನ್ನನ್ನು ಛೇಡಿಸುತ್ತಾರೆ, ಆಮೇಲೆ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಳ್ಳುತ್ತಾರೆ.

ನನಗಂತೂ ಕೂತಲ್ಲಿ ಕೂರಲಾಗುತ್ತಿಲ್ಲ. ನಿಮ್ಮ ಕೋಣೆಯ ಕಿಟಕಿ ಅಡುಗೆಮನೆಯ ಎದುರಿಗೇ ಇದೆ, ನಿನ್ನೆಯಿಂದ ಮುಚ್ಚಿದೆ. ಉಸಿರಾಟಕ್ಕೆ ಗಾಳಿ ಬೇಕು ಎನ್ನುವವರು ಕಿಟಕಿ ಏಕೆ ಮುಚ್ಚಬೇಕು? ಊಟ ಒಂದು ಸಲ ಉಂಡು ಬಿಸಾಡುವ ಡಬ್ಬಿಯಲ್ಲಿ ಒಳಗೆ ಹೋಗುತ್ತದೆ, ಉಳಿದದ್ದನ್ನು ಹಿತ್ತಲಲ್ಲಿ ಸುಡುತ್ತಾರೆ. ನೀವು ಉಂಡಿರೋ ಬಿಟ್ಟಿರೋ ನನಗೆ ಹೇಗೆ ತಿಳಿಯಬೇಕು? ನರ್ಸಮ್ಮನನ್ನು ಕೇಳಿದರೆ “ಎಲ್ರೂ ಚೆನ್ನಾಗಿದ್ದಾರೆ ಕಣಮ್ಮ” ಎನ್ನುತ್ತಾರೆ. ಎಲ್ಲರ ಸುದ್ದಿ ಕಟ್ಟಿಕೊಂಡು ನನಗೇನಾಗಬೇಕು? ಕಾಲು ಸುಟ್ಟ ಬೆಕ್ಕಿನ ಹಾಗೆ ಒಲೆಗೂ ಬಾಗಿಲಿಗೂ ಸುತ್ತುತ್ತಿದ್ದೇನೆ. ಈ ಪರದಾಟದಲ್ಲಿ ಇವತ್ತು ಬೇಳೆಗೆ ಉಪ್ಪು ಹಾಕುವುದೇ ಮರೆತುಹೋಯಿತು. ತಪಾಸಣೆಗೆ ಬಂದಿದ್ದ ಸಾಹೇಬರು ಒಂದು ತುತ್ತಿಗೇ ಮುಖ ಹಿಂಡಿ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಆಮೇಲೆ ಎಲ್ಲರಿಗೂ ಉಪ್ಪಿನ ಪೊಟ್ಟಣ ಕಟ್ಟಿ ಕಳಿಸಿದೆ. ನಮ್ಮ ಮದುವೆಯ ಊಟದಲ್ಲಿ ನೀವು ಮದುಮಗನೆಂಬುದನ್ನೂ ಮರೆತು ಬಡಿಸುವವರನ್ನು ಕರೆದು, “ಉಪ್ಪನ್ನ ಕೈಯಲ್ಲಿ ಹಾಕಿದ್ರಾ, ಬರೀ ಬಾಯಲ್ಲಿ ಹೇಳಿದ್ರಾ?” ಎಂದಿರಲ್ಲ, ಅದು ನೆನಪಾಯಿತು. ಅವತ್ತು ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಮಗಳದು ಒಂದು ಮುತ್ತು, ಕ್ಯಾರೆಟ್ ಬಾಯಲ್ಲೇ. ಬೇಗ ಎದ್ದು ಬನ್ನಿ.

ನಿಮ್ಮವಳು

ಇನ್ನೊಂದು ಮಾತು, ನರ್ಸಮ್ಮ ಕಾಗದಕ್ಕೆ ಕೈ ಚಾಚಿ ನಿಂತಿದ್ದಾರೆ. ಉಪ್ಪು ಮರೆತದ್ದಲ್ಲ ರೀ, ಬೇಕೆಂದೇ ಬಿಟ್ಟೆ. ನೀವು ಬೈದು ಹೇಳಿಕಳಿಸೇ ಕಳಿಸುತ್ತೀರಿ ಎಂದುಕೊಂಡಿದ್ದೆ. ಎಲ್ಲ ಕಿಟಕಿಗಳಿಂದಲೂ ಕೂಗು ಬಂತು, ನಿಮ್ಮದೊಂದರಿಂದ ಬರಲಿಲ್ಲ. ಈ ಜ್ವರಕ್ಕೆ ನಾಲಿಗೆಯ ರುಚಿ ಹೋಗುತ್ತದಂತೆ, ನರ್ಸಮ್ಮ ಹೇಳಿದರು. ಅಷ್ಟೇ ಆಗಿರಲಿ, ದೇವರೇ. ಸಂಜೆಯ ಅಡುಗೆಗೆ ಉಪ್ಪು ಸರಿಯಾಗಿಯೇ ಹಾಕುತ್ತೇನೆ. ಚೆನ್ನಾಗಿದ್ದೇನೆ ಎಂದು ಹೇಳಿಸಬೇಡಿ, ಅದನ್ನು ಯಾರು ಬೇಕಾದರೂ ಹೇಳುತ್ತಾರೆ. ರುಚಿ ತಿಳಿಯದಿದ್ದರೂ ಸರಿ, ಉಪ್ಪು ಕಮ್ಮಿ ಎಂದು ಸುಳ್ಳಿಗಾದರೂ ನನಗೆ ಬೈದು ಹೇಳಿಕಳಿಸಿ.