ಎರಡು ನಿಮಿಷದ ಮಾತು

ಜೂನ್ ೧೨, ಭಾನುವಾರ

ಮಾತು ಬಿಟ್ಟರೂ ನನ್ನ ತಂಗಿಯಾಗಿಯೇ ಉಳಿದಿರುವ ಗುಬ್ಬಿಗೆ,

ಅಕ್ಕನ ಅಕ್ಷರ ಕಂಡ ಕೂಡಲೇ ಹರಿದು ಹಾಕಬೇಡ. ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನೀನು, ಗೊತ್ತು. ಮೊದಲು ಓದು, ಆಮೇಲೆ ಬೇಕಾದರೆ ಒಲೆಗೆ ಹಾಕು.

ನಮ್ಮ ಪೇಂಟ್ ಕಾರ್ಖಾನೆಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಬಣ್ಣ ಹೊಂದಿಸುವುದನ್ನು ಮೂವರು ಹೊಸಬರಿಗೆ ಕಲಿಸು ಎಂದು ನನಗೆ ಒಪ್ಪಿಸಿದ್ದಾರೆ. ನಮ್ಮ ಸೆಕ್ಷನ್ನಿನ ರೀತಿ ನೀನೇ ಕಂಡವಳು. ಊಟದ ಡಬ್ಬಿ ಹಂಚಿಕೊಳ್ಳುತ್ತೇವೆ, ಗಂಡಂದಿರ ಗೊರಕೆಯ ತನಕ ಮನೆಯ ಗುಟ್ಟೆಲ್ಲ ಹೇಳಿಕೊಳ್ಳುತ್ತೇವೆ; ಬಣ್ಣದ ಪುಡಿ ಅಳೆಯುವಾಗ ಮಾತ್ರ ಬೆನ್ನು ತಿರುಗಿಸುತ್ತೇವೆ. ಕೇಳುವವಳು ದಡ್ಡಿ, ಹೇಳಿಕೊಡುವವಳು ಅವಳಿಗಿಂತ ದಡ್ಡಿ ಎಂದೇ ಲೆಕ್ಕ. ನಾನೂ ಆರು ವರ್ಷ ಓರೆಗಣ್ಣಿನಲ್ಲಿ ನೋಡಿ ನೋಡಿಯೇ ಕಲಿತದ್ದು.

ಮೊನ್ನೆ ಹೊಸ ಹುಡುಗಿಯೊಬ್ಬಳು ಮಾದರಿ ನೋಡಲು ಬಣ್ಣ ಬಳಿದ ರಟ್ಟು ಹಿಡಿದು ಬಂದು, "ಅಕ್ಕಾ, ಒಣಗಿದೆ, ಆದ್ರೆ ಬಣ್ಣ ತಿಳಿ ಕಾಣ್ತಿದೆ. ಇನ್ನೊಂಚೂರು ಪುಡಿ ಹಾಕ್ಲಾ?" ಅಂತ ಕೇಳಿದಳು. ಅವತ್ತು ನೀನು ಕೇಳಿದ್ದೂ ಅದನ್ನೇ.

ಥಂಡಿ ಹವೆಯ ದಿನ ರಟ್ಟು ಮುಟ್ಟಿದರೆ ಒಣಗಿದಂತಿರುತ್ತದೆ, ಒಳಗೆ ಹಸಿಯೇ. ಬಿಸಿನೀರಿನ ಪೈಪಿನ ಪಕ್ಕ ಅರ್ಧ ಗಂಟೆ ಇಟ್ಟರೆ ಬಣ್ಣ ತಾನಾಗಿಯೇ ಗಾಢವಾಗುತ್ತದೆ, ಪುಡಿ ಬೇಕಿಲ್ಲ. ಇಷ್ಟು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ ಕಣೇ. ಆ ಹುಡುಗಿ ತಲೆಯಾಡಿಸಿ ಹೋದಳು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ನಿನಗೆ ನಾನು "ಪುಸ್ತಕ ನೋಡ್ಕೋ ಹೋಗು" ಅಂದಿದ್ದೆ. ತಂಗಿಗೆ ಮಾತ್ರ ಹೇಳಿಕೊಡುತ್ತಾಳೆ ಎಂದು ಉಳಿದವರು ಆಡಿಕೊಳ್ಳುತ್ತಾರೆ, ಅದಕ್ಕೇ ಹೇಳಲಿಲ್ಲ ಎಂದು ಇಷ್ಟು ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಿಜ ಬೇರೆ. ಬಂದ ಮೂರೇ ತಿಂಗಳಿಗೆ ನಿನ್ನ ಕಣ್ಣು ನನ್ನ ಕಣ್ಣಿಗಿಂತ ಚುರುಕಾಗಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ನೀನು ಪುಡಿ ಸುರಿಯುವುದನ್ನು ಪಕ್ಕದಲ್ಲೇ ನಿಂತು ನೋಡಿದೆ. ಎರಡು ತೊಟ್ಟಿ ಬಣ್ಣ ಹಾಳಾಯಿತು, ನಿನ್ನ ಕೆಲಸ ಹೋಯಿತು. ನನಗೆ ಮೊದಲೇ ಗೊತ್ತಿತ್ತೆಂದು ಯಾರೋ ಹೇಳಿದ ದಿನದಿಂದ ನೀನು ಮಾತು ಬಿಟ್ಟೆ. ನಾಲ್ಕು ವರ್ಷವಾಯಿತು. ಬಟ್ಟೆ ಅಂಗಡಿಯಲ್ಲಿ ನಿಂತು ನಿಂತು ನಿನ್ನ ಕಾಲು ಊದಿಕೊಳ್ಳುತ್ತದೆ ಎಂದು ಅಮ್ಮ ಹೇಳಿದಾಗೆಲ್ಲ ಊಟದ ತಟ್ಟೆ ಸರಿಸಿ ಎದ್ದುಬಿಡುತ್ತೇನೆ.

ಇನ್ನೊಂದು ಜಾಗ ಖಾಲಿ ಇದೆ. ನಿನ್ನ ಹೆಸರು ಹೇಳಿದ್ದೇನೆ. ಹಳೆಯ ಫೈಲು ನೋಡಿ ತಿಳಿಸುತ್ತೇನೆ ಎಂದಿದ್ದಾರೆ ಮ್ಯಾನೇಜರ್. ಬರುತ್ತೀಯಾ? ನನಗೆ ಗೊತ್ತಿರುವುದನ್ನೆಲ್ಲ ಹೇಳಿಕೊಡುತ್ತೇನೆ, ಎಲ್ಲರ ಎದುರಿಗೇ.

ಕ್ಷಮಿಸು ಎನ್ನಲು ಮುಖವಿಲ್ಲದ,
ನಿನ್ನ ಅಕ್ಕ

ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಉಳಿದದ್ದು: ಆ ಫೈಲಿನಲ್ಲಿ ‘ಮೊದಲೇ ಎಚ್ಚರಿಸಿದ್ದರೂ ಕೇಳಲಿಲ್ಲ’ ಎಂದು ಬರೆದಿದೆ. ಯಾರು ಎಚ್ಚರಿಸಿದ್ದು ಎಂದು ಆಗ ನೀನು ಸೆಕ್ಷನ್ನಿನಲ್ಲಿ ಒಬ್ಬೊಬ್ಬರನ್ನೂ ಕೇಳುತ್ತಾ ಹೋದೆ. ಅಕ್ಕನ ಮೇಲೆ ಅನುಮಾನವೇ ಬರದೆ ನನ್ನನ್ನೊಬ್ಬಳನ್ನು ಮಾತ್ರ ಕೇಳಲಿಲ್ಲ. ಎಚ್ಚರಿಸಿದ್ದೆ ಎಂದು ಹಳೆಯ ಮ್ಯಾನೇಜರಿಗೆ ಹೇಳಿದವಳು ನಾನೇ. ಅದು ಸುಳ್ಳೆಂದು ನಾಳೆ ಬೆಳಿಗ್ಗೆ ಬರೆದುಕೊಡುತ್ತೇನೆ. ಆಮೇಲೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನಂತೂ ಬಾ.